ಮಿಸ್ಟಿ ಯಾರ ಹಾಡು?

ಹೋದ ತಿಂಗಳು ಮಗಳನ್ನು ಚೆಲ್ಲೋ ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆ. ಕಾರಿನ ರೇಡಿಯೋದಲ್ಲಿ ಜಾಝಿನ ಮಹಾಗಾಯಕಿ ಸಾರಾ ವಾನ್ ದನಿಯಲ್ಲಿ 'ಮಿಸ್ಟಿ' ಶುರುವಾಯಿತು. ವಾಲ್ಯೂಮ್ ಏರಿಸಲು ಕೈ ಹಾಕಿದ್ದೆ ಅಷ್ಟೆ, ಪಕ್ಕದ ಸೀಟಿನಿಂದ ತೀರ್ಪು ಬಂತು: "ಅಪ್ಪಾ, ಇದು ಲೇವೇ ಹಾಡು. ಇವರ್ಯಾರೋ ಕವರ್ ಮಾಡಿದಾರೆ. ಪರವಾಗಿಲ್ಲ, ಚೆನ್ನಾಗೇ ಹಾಡಿದಾರೆ."

ಸಾರಾ ವಾನ್‌ಗೆ ಹದಿನೈದರ ಹುಡುಗಿ ಕೊಟ್ಟ ಸರ್ಟಿಫಿಕೇಟು ಇದು.

ಲೇವೇ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಪ್ಪ ಐಸ್‌ಲ್ಯಾಂಡಿನವರು, ಅಮ್ಮ ಚೀನಾದವರು, ಹುಟ್ಟಿದ್ದು 1999ರಲ್ಲಿ. ಚೆಲ್ಲೋ ನುಡಿಸುತ್ತಾಳೆ, ಗಿಟಾರ್ ಹಿಡಿದು ತಗ್ಗಿದ ದನಿಯಲ್ಲಿ ಹಾಡುತ್ತಾಳೆ. ಇಂಗ್ಲಿಷ್ ಕಾಗುಣಿತ ನೋಡಿ ನಾನು ಆರು ತಿಂಗಳು 'ಲೌಫಿ' ಅಂತಲೇ ಕರೆದು ಮನೆಯಲ್ಲಿ ನಗೆಪಾಟಲಾಗಿದ್ದೆ. ನನ್ನ ಮಗಳು ಚೆಲ್ಲೋ ಬಿಡದೇ ಇರುವುದಕ್ಕೆ ಈಕೆಯೇ ಕಾರಣ, ಹಾಗಾಗಿ ದೂರುವ ಹಕ್ಕೂ ನನಗಿಲ್ಲ. 2023ರ ಆಲ್ಬಮ್ಮಿನಲ್ಲಿ ತನ್ನದೇ ಹಾಡುಗಳ ನಡುವೆ ಒಂದು 'ಮಿಸ್ಟಿ' ಇಟ್ಟಳು. ನಮ್ಮ ಮನೆಯ ಮಟ್ಟಿಗೆ ಆ ಹಾಡು ಹುಟ್ಟಿದ್ದು ಅವತ್ತೇ.

"ಅದು ಎರಾಲ್ ಗಾರ್ನರ್ ಅಂತ ಒಬ್ಬ ಪಿಯಾನೋದವನ ಮಟ್ಟು ಪುಟ್ಟಾ. 1954. ಅವನಿಗೆ ನೊಟೇಶನ್ ಓದೋಕೂ ಬರ್ತಿರಲಿಲ್ಲ. ವಿಮಾನದಲ್ಲಿ ನಮ್ಮ ಶಿಕಾಗೋಗೆ ಬರುವಾಗ ಕಿಟಕಿ ಆಚೆ ಮಂಜು ನೋಡ್ತಾ ಹೊಳೀತು ಅಂತ ಕಥೆ. ಮಾತು ಆಮೇಲೆ ಬೇರೆಯವರು ಸೇರಿಸಿದ್ದು."

"ಹಾಗಾದ್ರೆ ಸಾರಾ ವಾನ್‌ದೂ ಕವರ್ರೇ."

ನಾನು ಸುಮ್ಮನಾದೆ. ಮಾತಿನಲ್ಲಿ ಸೋತರೂ ಹೊಟ್ಟೆಯೊಳಗೆ ಏನೋ ಕೊರೀತಾ ಇತ್ತು. ಈ ಬರಹ ಆ ಕೊರೆತದ್ದು.

ನಾನು ಯಾವ ಜಾಝ್ ಪಂಡಿತನೂ ಅಲ್ಲ. ಶಿವಮೊಗ್ಗದಲ್ಲಿ ಪಿಯುಸಿ ಮುಗಿಯುವ ತನಕ ಮೃದಂಗ ಕಲಿತೆ. ಆಮೇಲೆ ಇಂಜಿನಿಯರಿಂಗು, ಕೆಲಸ, ವೀಸಾ, ಈಗ ಶಿಕಾಗೋದ ಹೊರವಲಯದಲ್ಲಿ ಮನೆ, ಗ್ಯಾರೇಜಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡ್ರಮ್ ಸೆಟ್. ನಾಲ್ಕು ವರ್ಷದಿಂದ ಊರಿನ ಹವ್ಯಾಸಿ ಬಿಗ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತೇನೆ. ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೋಂಬೋನ್, ಪಿಯಾನೋ, ಗಿಟಾರ್, ಬಾಸ್, ನಾನು. ಹದಿನೇಳು ಜನರಲ್ಲಿ ಎಪ್ಪತ್ತು ದಾಟಿದವರು ಆರು. ನಾನೇ ಅಲ್ಲಿ ಯುವಕ, ಅದೊಂದು ಸುಖ.

ಮೊದಲ ದಿನ ಮೇಷ್ಟ್ರು ಸ್ವಿಂಗ್ ಅಂದರೇನು ಅಂತ ವಿವರಿಸಿದಾಗ ನನಗೆ ಒಳಗೊಳಗೇ ನಗು. ಒಂದು ಪೆಟ್ಟನ್ನು ಮೂರು ಪಾಲು ಮಾಡು, ಮೊದಲನೆಯದೂ ಮೂರನೆಯದೂ ಬಾರಿಸು, ಮಧ್ಯದ್ದನ್ನು ಬಿಡು. ಅಯ್ಯೋ, ತಿಶ್ರ ನಡೆ! ತಕಿಟ ತಕಿಟ ಅನ್ನುವಾಗ 'ಕಿ' ನುಂಗಿಬಿಟ್ಟರೆ ಮುಗೀತು. ರೈಡ್ ಸಿಂಬಲ್ ಅನ್ನುವ ದೊಡ್ಡ ಕಂಚಿನ ತಟ್ಟೆಯ ಮೇಲೆ ಹಾಗೇ ಬಾರಿಸಿದೆ, ಗಡಿಯಾರದ ಹಾಗೆ ಕರಾರುವಾಕ್ಕಾಗಿ. ಮೇಷ್ಟ್ರು ಎರಡು ನಿಮಿಷ ಕೇಳಿ, "ಲೆಕ್ಕ ಸರಿಯಾಗಿದೆ. ಆದರೆ ಇದಕ್ಕೆ ಯಾರೂ ಕುಣಿಯಲ್ಲ" ಅಂದರು.

ಅದು ಯಾಕೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆ ಪಾಲು ಒಂದೇ ಸಮ ಇರುವುದಿಲ್ಲ. ಕಾಲ ನಿಧಾನವಾದಷ್ಟೂ ಮೊದಲ ಪೆಟ್ಟು ಎಳೆದುಕೊಂಡು ಎರಡನೆಯದು ಚೋಟುದ್ದ ಆಗುತ್ತದೆ. ಕಾಲ ಏರಿದಷ್ಟೂ ಎರಡೂ ಸಮಕ್ಕೆ ಬರುತ್ತವೆ, ತುಂಬ ಜೋರಾದರೆ ತಿಶ್ರದ ವಾಸನೆಯೂ ಉಳಿಯುವುದಿಲ್ಲ. ಇನ್ನೊಂದು ತೊಂದರೆ ಕೈಚಪ್ಪಾಳೆಯದು. ನಮಗೆ ತಾಳದ ಘಾತ ಒಂದನೇ ಅಕ್ಷರಕ್ಕೆ. ಇಲ್ಲಿ ಹೈ-ಹ್ಯಾಟ್, ಅಂದರೆ ಕಾಲಲ್ಲಿ ತುಳಿದು ಕೂಡಿಸುವ ಜೋಡಿ ತಟ್ಟೆ, ಮುಚ್ಚುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಹತ್ತು ವರ್ಷ ಆದಿತಾಳ ಹಾಕಿದ ಮೈಗೆ ಇದು ಎಡಗೈಯಲ್ಲಿ ಊಟ ಮಾಡಿದ ಹಾಗೆ.

ಒಮ್ಮೆ ಪಕ್ಕದ ಊರಿನ ಲೈಬ್ರರಿಯಲ್ಲಿ ನಮ್ಮ ಕಾರ್ಯಕ್ರಮ. ಕೊನೆಗೆ 'ಸಿಂಗ್ ಸಿಂಗ್ ಸಿಂಗ್'. ಲೂಯಿ ಪ್ರೀಮಾ 1936ರಲ್ಲಿ ಬರೆದ ಹಾಡು, ಬೆನ್ನಿ ಗುಡ್‌ಮನ್ ಬ್ಯಾಂಡು ಅದನ್ನು ಮಾತಿಲ್ಲದ ರಣಕಹಳೆ ಮಾಡಿತು. 1938ರ ಜನವರಿ 16ರಂದು ಕಾರ್ನೆಗಿ ಹಾಲ್‌ನಲ್ಲಿ ಆ ಬ್ಯಾಂಡಿನ ಡ್ರಮ್ಮಿನವನು ಜೀನ್ ಕ್ರೂಪಾ ಅದಕ್ಕೆ ಟಾಮ್ ಡ್ರಮ್ ಮೇಲೆ ಬಾರಿಸಿದ್ದನ್ನು ಕೇಳಿದ ಯಾವ ಮೃದಂಗದ ಹುಡುಗನಿಗೂ ಕೈ ತುರಿಸದೇ ಇರುವುದಿಲ್ಲ. ನನಗೂ ತುರಿಸಿತು. ತನಿ ಆವರ್ತನ, ಒಬ್ಬನೇ ಬಾರಿಸುವ ಸರದಿ, ಸಿಕ್ಕಿತಲ್ಲ ಅಂತ ಹಿಗ್ಗಿ ಬಾರಿಸಿದೆ. ಶುರುವಾದ ಕಾಲಕ್ಕೂ ಮುಗಿದ ಕಾಲಕ್ಕೂ ಸಂಬಂಧವೇ ಉಳಿಯಲಿಲ್ಲ. ಸ್ಯಾಕ್ಸೋಫೋನ್ ಸಾಲಿನಿಂದ ಕ್ಲಾರಿನೆಟ್ ಎತ್ತಿಕೊಂಡವರು ನಿವೃತ್ತ ದಂತವೈದ್ಯರು. ಕೆಂಪು ಮುಖ ಮಾಡಿಕೊಂಡು, ಉಸಿರು ಸಿಗದೆ, ಅರಿವಳಿಕೆ ಕೊಡದೆ ನನ್ನ ಹಲ್ಲು ಕೀಳುವವರ ಹಾಗೆ ನೋಡಿದರು. ಅವತ್ತಿನಿಂದ ಬ್ಯಾಂಡಿನಲ್ಲಿ ನನ್ನ ಹೆಸರು ಎಕ್ಸ್‌ಪ್ರೆಸ್.

ಇರಲಿ. ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಅವಳು ದೇವರನಾಮದವಳು, ವಾರಕ್ಕೆರಡು ದಿನ ಭಜನಾ ಮಂಡಳಿ. ಸಂಜೆ ಅಡುಗೆಮನೆಯಲ್ಲಿ ನಾನು ಹಾಡು ಹಾಕಿಕೊಂಡು ಪಾತ್ರೆ ತೊಳೆಯುವುದು, ಅವಳು ಹುರುಳಿಕಾಯಿ ಸೋಸುವುದು.

"ಅಲ್ಲ ಕಣೋ, ಒಂದೇ ಹಾಡನ್ನ ಎಷ್ಟು ಸಲ ಹಾಕ್ತೀಯ?"

"ಬೇರೆ ಬೇರೆಯವರು ಹಾಡಿದ್ದಮ್ಮ. ಇದಕ್ಕೆ ಕವರ್ ಅಂತಾರೆ."

"ಕವರ್ ಅಂದ್ರೆ? ತರಕಾರಿ ಹಾಕ್ಕೊಡೋ ಕವರಾ?"

ಹಾಡು ಒಂದು, ಕವರ್ ಹಲವು ಅಂತ ವಿವರಿಸಿದೆ. ಮೊದಲು ಹಾಡಿದವರದು ಅಸಲಿ, ಉಳಿದವರದು ಕವರ್. ಅವಳು ನಾರು ಬಿಡಿಸುತ್ತಲೇ, "ಪುರಂದರದಾಸರು ಹಾಡಿದ್ದನ್ನ ಯಾರು ಕೇಳಿದಾರೆ? ನಮ್ಮ ಮಂಡಳೀಲಿ ಹಾಡೋದೆಲ್ಲ ಕವರ್ರೇ ಹಾಗಾದ್ರೆ" ಅಂದಳು.

ದಾಸರ ಪದಗಳಲ್ಲಿ ಎಷ್ಟೋ ಪದಗಳ ಮೂಲ ಮಟ್ಟೇ ನಮಗೆ ಉಳಿದಿಲ್ಲ, ಈಗ ಕೇಳುವ ಧಾಟಿ ಆಮೇಲಿನವರು ಕೂರಿಸಿದ್ದು. ಆದರೂ ಯಾರೂ ಅದನ್ನು ನಕಲು ಅನ್ನುವುದಿಲ್ಲ. ಜಾಝಿನವರಿಗೂ ಸ್ಟ್ಯಾಂಡರ್ಡ್, ಅಂದರೆ ಎಲ್ಲರೂ ಮತ್ತೆ ಮತ್ತೆ ಎತ್ತಿಕೊಳ್ಳುವ ಹಳೇ ಹಾಡು, ಇಂಥದ್ದೇ ಸಾಮಾನು. 'ಬಾಡಿ ಆ್ಯಂಡ್ ಸೋಲ್' ತಗೊಳ್ಳಿ. 1930ರಲ್ಲಿ ಜಾನಿ ಗ್ರೀನ್ ಅದನ್ನು ಗರ್ಟ್ರೂಡ್ ಲಾರೆನ್ಸ್ ಅನ್ನುವ ನಟಿಗಾಗಿ ಮಾಡಿದ್ದು. ಇವತ್ತು ಆ ಹಾಡು ಅಂದರೆ ಆಕೆಯನ್ನು ಯಾರು ನೆನೆಯುತ್ತಾರೆ? ಎಲ್ಲರ ಬಾಯಲ್ಲಿ ಬರುವುದು ಕೋಲ್ಮನ್ ಹಾಕಿನ್ಸ್, 1939ರ ಅಕ್ಟೋಬರಿನಲ್ಲಿ ಮೂರು ನಿಮಿಷ ಸ್ಯಾಕ್ಸೋಫೋನ್ ಊದಿದವನು. ಅಮ್ಮನಿಗೆ ಅದನ್ನೂ ಹಾಕಿದೆ. ಸ್ಯಾಕ್ಸೋಫೋನ್ ಅಂದರೆ ಅವಳಿಗೆ ಕದ್ರಿ ಗೋಪಾಲನಾಥ್, ಹಾಗಾಗಿ ಕಿವಿ ಚುರುಕಾಯಿತು. ಕದ್ರಿಯವರೂ 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದವರೇ ಅಂದಾಗ ಅವಳಿಗೆ ಈ ಸಂಗೀತದ ಮೇಲೆ ಸ್ವಲ್ಪ ಗೌರವ ಬಂತು. ಹಾಕಿನ್ಸ್ ಮೊದಲ ಸಾಲಿನಷ್ಟು ಮಟ್ಟು ತೋರಿಸುತ್ತಾನೆ, ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅಮ್ಮ ಒಂದೂವರೆ ನಿಮಿಷಕ್ಕೆ ಕೈ ನಿಲ್ಲಿಸಿ, "ಪಲ್ಲವಿ ಎಲ್ಲಿ ಬಿಟ್ಟು ಬಂದ ಇವನು?" ಅಂದಳು. ಸರಿಯಾದ ಪ್ರಶ್ನೆ. ಪಲ್ಲವಿ ಕೆಳಗಡೆ ಪಿಯಾನೋದವನ ಸ್ವರಮೇಳದಲ್ಲಿ ಓಡುತ್ತಾ ಇದೆ. ನಾಲ್ಕು ಪೆಟ್ಟಿಗೆ ಒಂದರಂತೆ ಮೂವತ್ತೆರಡು ಬಾರ್, ನಮ್ಮ ಲೆಕ್ಕಕ್ಕೆ ಆದಿತಾಳದ ಹದಿನಾರು ಆವರ್ತನ. ಎರಡು ಸುತ್ತು ಮುಗಿದರೆ ಹಾಡು ಮುಗಿಯಿತು.

ಅವಳಿಗೆ ನಿಜಕ್ಕೂ ಹಿಡಿಸಿದ್ದು 'ಆಟಮ್ ಲೀವ್ಸ್'. 1945ರಲ್ಲಿ ಜೋಸೆಫ್ ಕೋಸ್ಮಾ ಕೂರಿಸಿದ ಫ್ರೆಂಚ್ ಮಟ್ಟು, ಇಂಗ್ಲಿಷ್ ಮಾತು ಜಾನಿ ಮರ್ಸರ್‌ದು. ನಾನು ಆರು ಜನರದ್ದು ಸಾಲಾಗಿ ಹಾಕಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಅವಳು ಸ್ವರ ಹಿಡಿದಿದ್ದಳು: ಸ ರಿ ಗ ಧಾ... ನಿ ಸ ರಿ ಪಾ... ಧ ನಿ ಸ ಮಾ... "ನೋಡು, ಮೂರು ಮೆಟ್ಟಿಲು ಹತ್ತಿ ಒಂದು ಹಾರು. ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿನಿಂದ ಹತ್ತು. ನಠಭೈರವಿ ರಾಗ." ನಾಲ್ಕನೇ ಏಣಿಗೆ ಬಂದಾಗ, ಪ ಧ ನಿ ಗಾ, ತಡೆದಳು. "ಇಲ್ಲಿ ಧೈವತ ನಿಷಾದ ಎರಡೂ ಬದಲಾದ್ವಲ್ಲ. ಇದೇನು ಗೌರಿಮನೋಹರಿ ಆಯ್ತು?" ನಾನು ನಾಲ್ಕು ವರ್ಷ ಈ ಹಾಡಿಗೆ ಡ್ರಮ್ ಬಾರಿಸಿದ್ದೇನೆ, ಒಮ್ಮೆಯೂ ಇದು ಕಿವಿಗೆ ಬಿದ್ದಿರಲಿಲ್ಲ. ತಾಳದವರ ಹಣೆಬರಹ.

ಆ ಆರರಲ್ಲಿ ಅವಳು ಮತ್ತೆ ಹಾಕು ಅಂದಿದ್ದು ಈವಾ ಕ್ಯಾಸಿಡಿ ಅನ್ನುವ ಗಾಯಕಿಯದ್ದು. 1996ರ ಜನವರಿಯಲ್ಲಿ ವಾಷಿಂಗ್ಟನ್‌ನ ಬ್ಲೂಸ್ ಆ್ಯಲಿಯಲ್ಲಿ ಹಾಡಿದ್ದು. ಅದೇ ನವೆಂಬರಿನಲ್ಲಿ ಕ್ಯಾನ್ಸರ್ ಆಕೆಯನ್ನು ಒಯ್ದಿತು, ಮೂವತ್ತಮೂರು ವರ್ಷ. ಆಗ ಊರಾಚೆ ಆಕೆಯ ಹೆಸರು ಕೇಳಿದವರು ಕಡಿಮೆ. ಆಕೆ ಹಾಡಿದ್ದು ಸ್ವಿಂಗ್ ಅಲ್ಲವೇ ಅಲ್ಲ. ಎಲೆ ಒಂದೊಂದಾಗಿ ಉದುರುವಷ್ಟು ನಿಧಾನ. ಅಮ್ಮನಿಗೆ ಈ ಸಾವಿನ ಕಥೆ ನಾನು ಹೇಳಿರಲಿಲ್ಲ.

ಅಮ್ಮನನ್ನು ಒಂದು ಗುರುವಾರ ಗ್ರೀನ್ ಮಿಲ್‌ಗೂ ಕರೆದುಕೊಂಡು ಹೋಗಿದ್ದೆ. ಶಿಕಾಗೋದ ಬ್ರಾಡ್‌ವೇ ಮತ್ತು ಲಾರೆನ್ಸ್ ಮೂಲೆಯಲ್ಲಿ 1907ರಿಂದ ಇರುವ ಜಾಗ. ಹಳೇ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಕೂರುತ್ತಿದ್ದ ಬೂತ್ ಅಂತ ಒಂದನ್ನು ತೋರಿಸುತ್ತಾರೆ. ಹಾಡು ನಡೆಯುವಾಗ ಮಾತಾಡಿದರೆ ಗದರುವ ಬಾರ್ ಅದು, ಆ ವಿಷಯದಲ್ಲಿ ನಮ್ಮ ಎಷ್ಟೋ ಸಭೆಗಳಿಗಿಂತ ಮೇಲು. ಇಳಕಲ್ ಸೀರೆ, ಸ್ವೆಟರ್, ಕೈಯಲ್ಲಿ ಜಿಂಜರ್ ಏಲ್ ಗ್ಲಾಸು, ಅಮ್ಮ ತೊಡೆಯ ಮೇಲೆ ತಾಳ ಹಾಕಿಕೊಂಡು ಕೂತಳು. ಎರಡನೇ ಹಾಡಿಗೆ ನನ್ನ ಕಿವಿಯಲ್ಲಿ, "ಆ ಡ್ರಮ್ಮಿನವನು ಘಾತ ತಪ್ಪಿಸ್ತಿದಾನೆ ಕಣೋ" ಅಂದಳು. ಎರಡು ಮತ್ತು ನಾಲ್ಕು! ಹೇಳಿಕೊಟ್ಟೆ. ಐದನೇ ಹಾಡಿನ ಹೊತ್ತಿಗೆ ಅವಳ ಕೈ ಎರಡಕ್ಕೂ ನಾಲ್ಕಕ್ಕೂ ಬೀಳುತ್ತಿತ್ತು. ಒಂದು ವರ್ಷ ಹೆಣಗಿದವನು ನಾನು.

ಈ ಎಲ್ಲ ಆದ ಮೇಲೆ ಹೊಸಬರು ಹಾಡಿದ ಹಳೇ ಹಾಡು ಕೇಳುವಾಗ ನಾನು ಒಂದೇ ಒಂದು ನೋಡುತ್ತೇನೆ. ಹಾಡುವವರು ಮಾತನ್ನು ಪೆಟ್ಟಿನ ಯಾವ ಕಡೆ ಇಡುತ್ತಾರೆ? ಸರಿಯಾಗಿ ಮೇಲೋ, ಕೂದಲೆಳೆ ಹಿಂದೋ, ಮುಂದೋ? ನಮ್ಮಲ್ಲಿ ಎಡುಪು ಬಿಟ್ಟು, ಅಂದರೆ ತಾಳ ಶುರುವಾಗಿ ಚೂರು ಆದಮೇಲೆ, ಎತ್ತಿಕೊಳ್ಳುವವರ ಧೈರ್ಯ ಇರುತ್ತದಲ್ಲ, ಅದು. ಕಹಳೆ, ಟೈ, ಕಪ್ಪು ಬಿಳುಪು ಫೋಟೋ ನನಗೆ ಬೇಡ.

ಈ ತಕ್ಕಡಿಯಲ್ಲಿ ಬ್ರಿಟನ್ನಿನ ಪಾಪ್ ಗಾಯಕ ರಾಬೀ ವಿಲಿಯಮ್ಸ್‌ನ 2001ರ ಸ್ವಿಂಗ್ ಆಲ್ಬಮ್ ಹಗುರ ಬರುತ್ತದೆ. ಹಳೇ ಕಾಲದ ದೊಡ್ಡ ಗಾಯಕ ಫ್ರಾಂಕ್ ಸಿನಾಟ್ರಾ ಹಾಡಿದ್ದ ಸ್ಟುಡಿಯೋಗೇ ಹೋಗಿ, ಒಂದು ಹಾಡಿನಲ್ಲಂತೂ ಸಿನಾಟ್ರಾನ ಹಳೇ ದನಿಯನ್ನೇ ಜೋಡಿಸಿಕೊಂಡು ಹಾಡಿದ. ಮಜಾ ಇದೆ, ಮದುವೆ ಮನೆಯಲ್ಲಿ ಹಾಕಬಹುದು. ಆದರೆ ಅಪ್ಪನ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ ಹುಡುಗನೇ ಕಾಣುತ್ತಾನೆ. ಕೋಟು ಬಿಗಿಯೂ ಆಗಿಲ್ಲ, ಸಡಿಲವೂ ಆಗಿಲ್ಲ, ಅದೇ ಬೇಜಾರು. ಸ್ಕಾಟ್ ಬ್ರ್ಯಾಡ್ಲೀಯ ಪೋಸ್ಟ್‌ಮಾಡರ್ನ್ ಜೂಕ್‌ಬಾಕ್ಸ್ ಇದನ್ನೇ ತಿರುಗಿಸಿ, ಇವತ್ತಿನ ಪಾಪ್ ಹಾಡಿಗೆ ಹಳೇ ಕಾಲದ ವೇಷ ಹಾಕುತ್ತದೆ. ಮೊದಲ ಹತ್ತು ವೀಡಿಯೋಗಳನ್ನು ನಾನೂ ಗೆಳೆಯರಿಗೆಲ್ಲ ಕಳಿಸಿದ್ದೆ. ಹನ್ನೊಂದನೆಯದಕ್ಕೆ ಸಾಕಾಯಿತು.

ನೋರಾ ಜೋನ್ಸ್ ಬೇರೆ. ನಮ್ಮವರು ರವಿಶಂಕರ್ ಮಗಳು ಅಂತಲೇ ಮಾತು ಶುರು ಮಾಡುತ್ತಾರೆ. ಆಕೆ ಬೆಳೆದದ್ದು ಅಮ್ಮನ ಜೊತೆ ಟೆಕ್ಸಸ್‌ನಲ್ಲಿ, ಅಲ್ಲಿಯ ಯೂನಿವರ್ಸಿಟಿಯಲ್ಲಿ ಜಾಝ್ ಪಿಯಾನೋ ಓದಿದವಳು. 2002ರ ಮೊದಲ ಆಲ್ಬಮ್ಮಿನ ಕಟ್ಟಕಡೆಗೆ 'ದ ನಿಯರ್‌ನೆಸ್ ಆಫ್ ಯೂ' ಇದೆ, ಹೋಗೀ ಕಾರ್ಮೈಕಲ್ ಅನ್ನುವವನ ಹಾಡು. 1940ರಲ್ಲಿ ಗ್ಲೆನ್ ಮಿಲ್ಲರ್ ಬ್ಯಾಂಡು ಅದನ್ನು ಮನೆಮಾತು ಮಾಡಿತ್ತು, ಇಡೀ ಸ್ಯಾಕ್ಸೋಫೋನ್ ಸಾಲು ಹೊದಿಸಿ. ನೋರಾ ಎಲ್ಲವನ್ನೂ ಕಿತ್ತು ಹಾಕಿದಳು. ತನ್ನ ದನಿ, ತನ್ನ ಪಿಯಾನೋ. ನನ್ನಂಥವನಿಗೆ ಅಲ್ಲಿ ಕೆಲಸವೇ ಇಲ್ಲ, ಆದರೂ ಕಾಲು ತಾನಾಗಿ ನೆಲ ಮುಟ್ಟುತ್ತದೆ.

ಅಮೆರಿಕದ ಹಳೇ ಗಾಯಕ ಟೋನಿ ಬೆನೆಟ್ ಮತ್ತು ಬ್ರಿಟನ್ನಿನ ಗಾಯಕಿ ಏಮಿ ವೈನ್‌ಹೌಸ್ 'ಬಾಡಿ ಆ್ಯಂಡ್ ಸೋಲ್' ಹಾಡಿದ್ದು ಲಂಡನ್ನಿನ ಆ್ಯಬಿ ರೋಡ್‌ನಲ್ಲಿ, 2011ರ ಮಾರ್ಚಿನಲ್ಲಿ. ಅವರಿಗೆ 84, ಆಕೆಗೆ 27. ಆ ದಿನದ ಚಿತ್ರೀಕರಣ ಇದೆ, ನೋಡಿದವರಿಗೆ ಗೊತ್ತು. ಆಕೆ ನಡುವೆ ನಿಲ್ಲಿಸುತ್ತಾಳೆ, ತನ್ನ ಮೇಲೆ ತಾನೇ ಸಿಡಿಮಿಡಿಗೊಳ್ಳುತ್ತಾಳೆ, ಕ್ಷಮೆ ಕೇಳುತ್ತಾಳೆ. ಮುದುಕರು ಅವಸರ ಮಾಡುವುದಿಲ್ಲ. ಮಾತಿನ ನಡುವೆ ಹಳೇ ಗಾಯಕಿ ಡೈನಾ ವಾಷಿಂಗ್ಟನ್ ಹೆಸರು ತೆಗೆಯುತ್ತಾರೆ, ಹುಡುಗಿಯ ಮುಖ ಅರಳುತ್ತದೆ. ಆಮೇಲೆ ಹಾಡು ಬರುತ್ತದೆ. ಅವರು ಮಾತನ್ನು ಮೇಜಿನ ಮೇಲೆ ಲೋಟ ಇಟ್ಟ ಹಾಗೆ ಇಡುತ್ತಾರೆ. ಆಕೆ ಪೆಟ್ಟು ಹೋದ ಮೇಲೆ ಬರುತ್ತಾಳೆ, ಬರುತ್ತಾಳೋ ಇಲ್ಲವೋ ಅನ್ನುವ ಹಾಗೆ. ಡ್ರಮ್ಮಿನವನ ಸ್ಟೂಲಿನಲ್ಲಿ ಕೂತು ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಅದು ಆಕೆಯ ಕೊನೆಯ ರೆಕಾರ್ಡಿಂಗ್. ಜುಲೈನಲ್ಲಿ ತೀರಿಕೊಂಡಳು. ಲೇಡಿ ಗಾಗಾ ಜೊತೆ ಬೆನೆಟ್ ಮಾಡಿದ ಎರಡು ಆಲ್ಬಮ್ಮುಗಳೂ ಒಳ್ಳೆಯವೇ. ಆದರೆ ಗಾಗಾ ಯಾವತ್ತೂ ಬೀಳುವವಳ ಹಾಗೆ ಕೇಳಿಸುವುದಿಲ್ಲ.

ಇನ್ನು ಸಮಾರಾ ಜಾಯ್. ಈಕೆಯೂ 1999ರಲ್ಲಿ ಹುಟ್ಟಿದವಳು, ನ್ಯೂಯಾರ್ಕಿನ ಬ್ರಾಂಕ್ಸ್‌ನವಳು, ಚರ್ಚಿನ ಗಾಸ್ಪೆಲ್ ಹಾಡುವ ಮನೆತನ. 2022ರ 'ಲಿಂಗರ್ ಅವೈಲ್' ಆಲ್ಬಮ್ಮಿನಲ್ಲಿ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. 1940ರ ದಶಕದ ಟ್ರಂಪೆಟ್ ವಾದಕ ಫ್ಯಾಟ್ಸ್ ನವಾರೋ 'ನಾಸ್ಟಾಲ್ಜಿಯಾ'ದಲ್ಲಿ ನುಡಿಸಿದ ಸೋಲೋಗೆ, ಅವನು ಆ ಕ್ಷಣಕ್ಕೆ ಊದಿದ ಒಂದೊಂದು ಸ್ವರಕ್ಕೂ, ಈಕೆ ಮಾತು ಕಟ್ಟಿ ಹಾಡಿದಳು. ಚಿಟ್ಟೆಸ್ವರಕ್ಕೆ ಸಾಹಿತ್ಯ ಕೂರಿಸಿದ ಹಾಗೆ. ಇದಕ್ಕೆ ಕವರ್ ಅನ್ನುವುದು ಹೇಗೆ? ಅದೇ ಆಲ್ಬಮ್ಮಿನಲ್ಲಿ ಒಂದು 'ಮಿಸ್ಟಿ'ಯೂ ಇದೆ. ಮಗಳಿಗೆ ಹಾಕಿ ತೋರಿಸಿದೆ.

"ಚೆನ್ನಾಗಿದೆ. ಆದ್ರೆ ಇವರು ತುಂಬ ಚೆನ್ನಾಗಿ ಹಾಡ್ತಾರೆ ಅಪ್ಪ. ಲೇವೇ ಹಾಡಿದ್ರೆ ನಾನೂ ಹಾಡಬಹುದು ಅನ್ಸುತ್ತೆ."

ಇದನ್ನು ನಾನು ಯೋಚಿಸಿರಲಿಲ್ಲ. ಲೇವೇಯ 'ಮಿಸ್ಟಿ'ಯನ್ನು ಮತ್ತೆ ಕೇಳಿದೆ, ಈ ಸಲ ಹೆಡ್‌ಫೋನ್ ಹಾಕಿಕೊಂಡು, ಗ್ಯಾರೇಜಿನಲ್ಲಿ. ಮಟ್ಟನ್ನು ಹೆಚ್ಚು ಅಲುಗಿಸುವುದಿಲ್ಲ. ಸಾರಾ ವಾನ್ ಹಾಗೆ ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ ಜಾರುಬಂಡಿ ಆಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಬಟ್ಟೆ ಮಡಚುತ್ತಾ ಹಾಡಿಕೊಳ್ಳುತ್ತಿರುವ ಹಾಗೆ ಇದೆ. ಭಜನಾ ಮಂಡಳಿಯಲ್ಲೂ ಪದ ಉಳಿದಿರುವುದು ಇಂಥ ಗಂಟಲುಗಳಿಂದಲೇ ಇರಬೇಕು. ಆದರೂ ನನ್ನ ಓಟು ಸಾರಾ ವಾನ್‌ಗೇ.

ಹೋದ ವಾರ ನಮ್ಮ ಮೇಷ್ಟ್ರು ಹೊಸ ಹಾಡಿನ ಹಾಳೆ ಹಂಚಿದರು. ಮಿಸ್ಟಿ! ನಿಧಾನದ ಹಾಡು, ಕೋಲು ಮುಟ್ಟುವ ಹಾಗಿಲ್ಲ, ಬ್ರಷ್. ತಂತಿಯ ಪುಟ್ಟ ಪೊರಕೆಯಂಥ ಎರಡು. ಎಡಗೈ ಚರ್ಮದ ಮೇಲೆ ದೋಸೆ ಹುಯ್ಯುವ ಹಾಗೆ ಸುತ್ತುತ್ತಲೇ ಇರಬೇಕು, ಬಲಗೈ ಪೆಟ್ಟು ತೋರಿಸಬೇಕು. ಸುತ್ತು ನಿಲ್ಲಬಾರದು, ಸದ್ದು ತುಂಡಾಗಬಾರದು. ಮೃದಂಗ ಕಲಿತ ಕೈಗೆ ಹೊಡೆಯುವುದು ಗೊತ್ತು, ಸವರುವುದು ಗೊತ್ತಿಲ್ಲ. ಮನೆಯಲ್ಲಿ ರಾತ್ರಿ ಡ್ರಮ್ ಬಾರಿಸಿದರೆ ಪಕ್ಕದವರು ಬರುತ್ತಾರೆ, ಅದಕ್ಕೆ ಊಟದ ಮೇಜಿನ ಮೇಲೆ ಖಾಲಿ ಪಿಜ್ಜಾ ಡಬ್ಬ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಶ್ಶೂ... ಶ್ಶೂ... ಮಗಳು ಹೋಮ್‌ವರ್ಕ್ ಬಿಟ್ಟು ಬಂದು ಎದುರು ಕೂತು ಮೆಲ್ಲಗೆ ಹಾಡತೊಡಗಿದಳು, ಲೇವೇ ಧಾಟಿಯಲ್ಲೇ. ನಾಲ್ಕು ಬಾರ್ ಚೆನ್ನಾಗಿ ಹೋಯಿತು. ಎಂಟನೇ ಬಾರ್ ಹೊತ್ತಿಗೆ ನಾನು ಸಾಲಿನ ಕೊನೆ ಮುಟ್ಟಿ ನೋಡಿದರೆ ಅವಳು ಇನ್ನೂ ನಡುವಿನಲ್ಲಿ, ಒಂದು ಮಾತನ್ನು ಎಳೆದು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಇದ್ದಳು.

ಹಾಡು ನಿಲ್ಲಿಸದೇ ಕೈ ಚಾಚಿ ನನ್ನ ಬ್ರಷ್ ಹಿಡಿದಳು.

"ಓಡ್ಬೇಡ ಅಪ್ಪ."